ಸಿರವಾರ: ಮನೆಯ ಮಾತು, ಶಾಲೆಯ ಮಾತು

ರಾಯಚೂರಿನಿಂದ ಲಿಂಗಸುಗೂರಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕಲ್ಮಲಾ, ಕಲ್ಲೂರು ಗ್ರಾಮಗಳನ್ನು ದಾಟಿ ಮುಂದೆ ಸಾಗಿದರೆ ಸಿರವಾರ ಬರುತ್ತದೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಈ ಎರಡು ಹೊಳೆಗಳ ನಡುವಣ ಸೀಮೆಯನ್ನು ನಮ್ಮ ಪ್ರಾಚೀನ ಶಾಸನಗಳು ಎಡೆದೊರೆನಾಡು ಎಂದು ಕರೆದಿವೆ. ಅನಂತರ ಬಂದ ಅರಸೊತ್ತಿಗೆಗಳ ಕಾಲದಲ್ಲಿ ಇದಕ್ಕೆ ರಾಯಚೂರು ದೋಆಬ್ ಎಂಬ ಹೆಸರು ನಿಂತಿತು. ಎಡೆದೊರೆ ಎಂದರೆ ಹೊಳೆಗಳ ನಡುವಣ ಭೂಮಿ. ದೋಆಬ್ ಎಂಬ ಪಾರಸಿ ಶಬ್ದಕ್ಕೆ ಎರಡು ನೀರು ಎಂದರ್ಥ. ಒಂದೇ ನೆಲಕ್ಕೆ ಎರಡು ಭಾಷೆಗಳಲ್ಲಿ ಒಂದೇ ಅರ್ಥದ ಎರಡು ಹೆಸರು! ಈ ಸೀಮೆಯ ಸ್ವಭಾವವನ್ನು ತಿಳಿಯಲು ಇಷ್ಟು ಸಾಕು.

ಬಹುಕಾಲ ಮಾನ್ವಿ ತಾಲ್ಲೂಕಿಗೆ ಸೇರಿದ್ದ ಸಿರವಾರವು 2017–18ನೆಯ ಸಾಲಿನ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಒಂದಾಗಿ, ಈಗ ತಾನೇ ತಾಲ್ಲೂಕು ಕೇಂದ್ರವಾಗಿದೆ. ಕಳೆದ ಚಳಿಗಾಲದಲ್ಲಿ, ಎರೆಹೊಲಗಳಲ್ಲಿ ಬಿಳಿಜೋಳ ತೆನೆಕಟ್ಟುವ ಹೊತ್ತಿಗೆ, ನಾವು ಅಲ್ಲಿಗೆ ಹೋಗಿದ್ದೆವು. ನಮ್ಮನ್ನು ಬಹುವರ್ಷ ಭಕ್ತಿಯಿಂದ ಕಂಡಿದ್ದ ಒಬ್ಬ ಒಕ್ಕಲಿಗ ಶರಣರು ಲಿಂಗೈಕ್ಯರಾಗಿ ಮೂರು ವರ್ಷ ತುಂಬಿತ್ತು. ಅವರ ಸ್ಮರಣೆಯ ದಿನ ನಾಲ್ಕು ಮಾತು ಆಡಬೇಕೆಂದು ಮನೆಯವರು ಬರಮಾಡಿಕೊಂಡಿದ್ದರು. ನಾಲ್ಕು ಮಾತು ಆಡಲು ಹೋದ ನಾವು ನಾಲ್ಕು ಮಾತು ಕೇಳಿಬಂದೆವು. ಅವನ್ನು ಈ ಪತ್ರಿಕೆಯ ಓದುಗರ ಮುಂದಿಡುವುದು ನಮ್ಮ ಕರ್ತವ್ಯವೆಂದು ತೋರಿದ್ದರಿಂದ ಈ ಲೇಖನ.

ಬಸ್ಸಿನಲ್ಲಿ ನಮ್ಮ ಪಕ್ಕದಲ್ಲಿ ಕುಳಿತಿದ್ದವರು ಕ್ಯಾಂಪಿನ ರೈತರು. ಬತ್ತದ ಧಾರಣೆಯ ವಿಷಯವನ್ನು ತಮ್ಮ ಜೊತೆಯವರೊಡನೆ ತೆಲುಗಿನಲ್ಲಿ ಮಾತನಾಡುತ್ತಿದ್ದವರು ನಮ್ಮ ಕಡೆ ತಿರುಗಿದೊಡನೆ ಒಳ್ಳೆಯ ಕನ್ನಡದಲ್ಲಿ ಕ್ಷೇಮಸಮಾಚಾರ ವಿಚಾರಿಸಿದರು. ಹಿಂದಿನ ಆಸನದಲ್ಲಿ ಇಬ್ಬರು ಲಂಬಾಣಿ ತಾಯಂದಿರು ತಮ್ಮ ಮಾತಿನಲ್ಲಿ ಹರಟುತ್ತಿದ್ದರು. ನಿರ್ವಾಹಕನೊಡನೆ ಚಿಲ್ಲರೆಗಾಗಿ ನಡೆದ ತಕರಾರು ಮಾತ್ರ ಕನ್ನಡದಲ್ಲಿ. ಬಸ್ ನಿಲ್ದಾಣದಲ್ಲಿ ಇಳಿದಾಗ ಹಣ್ಣಿನ ಬಂಡಿಯವರು ತಮ್ಮತಮ್ಮಲ್ಲಿ ದಖನಿ ಉರ್ದು ಆಡುತ್ತ, ಗಿರಾಕಿಯ ಮುಖ ನೋಡಿ ಭಾಷೆ ಬದಲಿಸುತ್ತಿದ್ದರು. ಇವರಲ್ಲಿ ಯಾರೂ ವ್ಯಾಕರಣ ಓದಿ ಇನ್ನೊಂದು ಭಾಷೆ ಕಲಿತವರಲ್ಲ. ಆದರೂ ಇಬ್ಬರು ಸೇರಿದರೆ ಎಲ್ಲಿಯೂ ಮಾತು ನಿಲ್ಲುವುದಿಲ್ಲ.

ಈ ಬಹುಭಾಷಿಕತೆ ಇಂದುನಿನ್ನೆಯದಲ್ಲ. ಸಿರವಾರದಿಂದ ಪಶ್ಚಿಮಕ್ಕೆ ಹೋದರೆ ಮಸ್ಕಿ ದೂರವಿಲ್ಲ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಎಂಬುವರ ಕಣ್ಣಿಗೆ ಬಿದ್ದ ಅಲ್ಲಿಯ ಬಂಡೆಗಲ್ಲಿನ ಶಾಸನದಲ್ಲಿ ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಹೆಸರು ಸಹಿತ ದೊರೆಯಿತು. ಆ ಶಾಸನದ ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಅರಸನ ಮಾತು ಜನರ ಮನೆಮಾತಿನಲ್ಲಿ ಇರಲಿಲ್ಲವೆಂಬುದಕ್ಕೆ ಈ ಸೀಮೆಯಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದಿನ ಸಾಕ್ಷಿಯಿದು. ಅರಮನೆಯ ಭಾಷೆ ಮುಂದೆ ಸಂಸ್ಕೃತವಾಯಿತು, ಕನ್ನಡವಾಯಿತು, ಪಾರಸಿಯಾಯಿತು, ಉರ್ದುವಾಯಿತು. ಅಡುಗೆಮನೆಯ ಭಾಷೆ ಮಾತ್ರ ತನ್ನ ಪಾಡಿಗೆ ತಾನು ಉಳಿದುಕೊಂಡು ಬಂದಿತು.

ನಮ್ಮ ತಂದೆಯವರ ತಲೆಮಾರಿನವರು ನಿಜಾಮ ಸಂಸ್ಥಾನದ ಪ್ರಜೆಗಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು ಎಂಬುದು ಅವರ ಬಾಳಿನ ನಿಯಮ. ಹೈದರಾಬಾದಿನಲ್ಲಿ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ದೇಶಭಾಷೆಯಲ್ಲಿ ಉನ್ನತ ಶಿಕ್ಷಣ ಕೊಡಬೇಕೆಂಬ ಧ್ಯೇಯದಿಂದ ಉರ್ದುವನ್ನು ಮಾಧ್ಯಮವಾಗಿ ಸ್ವೀಕರಿಸಿತು. ವೈದ್ಯ, ಗಣಿತ, ನ್ಯಾಯಶಾಸ್ತ್ರಗಳ ಗ್ರಂಥಗಳನ್ನು ಉರ್ದುವಿಗೆ ತರಲು ಒಂದು ಭಾಷಾಂತರ ಕಚೇರಿಯೇ ಏರ್ಪಟ್ಟಿತ್ತು. ಇಂಗ್ಲಿಷನ್ನು ಒಂದು ಭಾಷೆಯಾಗಿ ಎಲ್ಲರೂ ಕಡ್ಡಾಯವಾಗಿ ಕಲಿಯಬೇಕಾಗಿತ್ತು. ಏರ್ಪಾಡು ವಿವೇಕದ್ದೇ ಸರಿ. ಆದರೆ ಸಂಸ್ಥಾನದ ಬಹುಜನರ ಮನೆಮಾತು ತೆಲುಗು, ಮರಾಠಿ, ಕನ್ನಡಗಳಾಗಿದ್ದುದನ್ನು ಅದು ಎಣಿಕೆಗೆ ತರಲಿಲ್ಲ. ರಾಯಚೂರಿನ ಹುಡುಗನಿಗೆ ಉರ್ದುವೂ ಒಂದು ಪರಭಾಷೆಯೇ ಆಗಿತ್ತು.

ಆ ಕಾಲದಲ್ಲಿಯೂ ಎರಡು ದಡಗಳನ್ನು ಮುಟ್ಟಿದವರು ಉಂಟು. ಆಗ ರಾಯಚೂರು ಜಿಲ್ಲೆಗೆ ಸೇರಿದ್ದ ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ 1918ರಲ್ಲಿ ಜನಿಸಿದ ಸಿದ್ಧಯ್ಯ ಪುರಾಣಿಕರು ಉಸ್ಮಾನಿಯಾದಲ್ಲಿ ಓದಿದವರು. ಉರ್ದುವಿನಲ್ಲಿ ಪಾಂಡಿತ್ಯ ಪಡೆದರು, ಇಂಗ್ಲಿಷಿನ ಬಲದಿಂದ ಉನ್ನತ ಸರಕಾರಿ ಹುದ್ದೆಗಳನ್ನು ನಿರ್ವಹಿಸಿದರು, ಕಾವ್ಯಾನಂದರೆಂಬ ಹೆಸರಿನಿಂದ ಕನ್ನಡದಲ್ಲಿ ಕಾವ್ಯ ರಚಿಸಿದರು. 1987ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ರಾಯಚೂರು ಜಿಲ್ಲೆಯ ಹೆಂಬೆರಾಳದ ಶಾಂತರಸರು ಉರ್ದು ಗಜಲನ್ನು ಕನ್ನಡಕ್ಕೆ ಕರೆತಂದು ಇಲ್ಲಿಯದನ್ನಾಗಿ ಮಾಡಿದರು. ಮನೆಯಲ್ಲಿ ಕನ್ನಡದ ಬೇರು ಗಟ್ಟಿಯಾಗಿದ್ದುದರಿಂದಲೇ ಇವರಿಗೆ ಪರಭಾಷೆ ಭಾರವಾಗಲಿಲ್ಲವೆಂದು ನಮಗೆ ತೋರುತ್ತದೆ. ಆದರೆ ಇದನ್ನು ಹೇಳುವಾಗ ಇನ್ನೊಂದು ಮಾತನ್ನೂ ಒಪ್ಪಬೇಕು. ಹೀಗೆ ದಡ ಸೇರಿದವರ ಹೆಸರು ಇತಿಹಾಸದಲ್ಲಿ ಉಳಿಯುತ್ತದೆ. ಉರ್ದು ಬಾರದೆಂದು ಶಾಲೆ ಬಿಟ್ಟು ನೇಗಿಲು ಹಿಡಿದವರ ಹೆಸರನ್ನು ಯಾರೂ ಬರೆದಿಡಲಿಲ್ಲ.

1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ವಿಮೋಚನೆಗೊಂಡಿತು. 1956ರ ನವೆಂಬರ್ 1ರಂದು ರಾಯಚೂರು ಕನ್ನಡ ರಾಜ್ಯದಲ್ಲಿ ಸೇರಿತು. ಈ ನಡುವೆ, 1953ರಲ್ಲಿ, ತುಂಗಭದ್ರೆಯ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಂದಿತು. ಸುಮಾರು 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು ಸೀಮೆಗಳನ್ನು ದಾಟಿ, ಮಾನ್ವಿ–ಸಿರವಾರಗಳ ಕಡೆಗೆ ಬರುವ ಹೊತ್ತಿಗೆ ತನ್ನ ಕೊನೆಯ ಭಾಗವನ್ನು ಮುಟ್ಟಿರುತ್ತದೆ. ನೀರಿನ ಬೆನ್ನಹಿಂದೆಯೇ ಆಂಧ್ರದ ಕರಾವಳಿ ಜಿಲ್ಲೆಗಳಿಂದ ಬತ್ತದ ಬೇಸಾಯ ಬಲ್ಲ ರೈತರು ಬಂದು ಭೂಮಿ ಕೊಂಡು ನೆಲೆಸಿದರು. ಅವರ ವಸತಿಗಳಿಗೆ ಕ್ಯಾಂಪ್ ಎಂಬ ಹೆಸರು ಬಂದು ಹಾಗೆಯೇ ಉಳಿದಿದೆ. ಎರಡು ಮೂರು ತಲೆಮಾರು ಕಳೆದ ಮೇಲೂ ಅವರ ಮನೆಗಳಲ್ಲಿ ತೆಲುಗು ಉಳಿದಿದೆ. ಹೊರಗೆ ಅವರದು ಕನ್ನಡವೇ.

ತೆಲುಗನ್ನು ಪರಕೀಯವೆಂದು ನೋಡುವ ಅಧಿಕಾರ ನಮ್ಮ ಸಮಾಜದವರಿಗಂತೂ ಇಲ್ಲ. ಅಣ್ಣ ಬಸವಣ್ಣನವರ ಚರಿತ್ರೆಯನ್ನು 13ನೆಯ ಶತಮಾನದಲ್ಲಿ ಬಸವಪುರಾಣವೆಂಬ ಕಾವ್ಯವಾಗಿ ರಚಿಸಿದ ಪಾಲ್ಕುರಿಕೆ ಸೋಮನಾಥ ಬರೆದದ್ದು ತೆಲುಗಿನಲ್ಲಿ. ಅದನ್ನು 1369ರಲ್ಲಿ ಭೀಮಕವಿ ಕನ್ನಡಕ್ಕೆ ತಂದ. ಪಾಂಡಿತ್ಯದ ಭಾಷೆ ಸಂಸ್ಕೃತವಾಗಿದ್ದ ಕಾಲದಲ್ಲಿ ಮಡಿವಾಳ, ಅಂಬಿಗ, ಒಕ್ಕಲಿಗರ ಆಡುಮಾತಿಗೆ ಅನುಭಾವವನ್ನು ಇಳಿಸಿದವರು ಶರಣರು. ಈ ಪರಂಪರೆಯಲ್ಲಿ ಹುಟ್ಟಿದವರಿಗೆ ಮನೆಮಾತಿನ ಬಗೆಗೆ ನಾಚಿಕೆ ಸಲ್ಲದು. ಅನ್ಯಭಾಷೆಯ ಬಗೆಗೆ ತಿರಸ್ಕಾರವೂ ಸಲ್ಲದು.

ಮನೆಮಾತಿಗೆ ದೊರೆಯುವ ಮಾನ ಎಲ್ಲರಿಗೂ ಒಂದೇ ರೀತಿಯದಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ದೇವದುರ್ಗದ ಕಡೆಯ ತಾಂಡಾಗಳಲ್ಲಿ ಲಂಬಾಣಿ ಮಕ್ಕಳು ಮನೆಯಲ್ಲಿ ಆಡುವ ಮಾತಿಗೆ ಪರಂಪರೆಯಿಂದ ಬಂದ ಲಿಪಿಯಿಲ್ಲ. 2011ರ ಜನಗಣತಿಯಲ್ಲಿ ಲಂಬಾಣಿಯನ್ನು ಮಾತೃಭಾಷೆಯೆಂದು ಹೇಳಿದವರು ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು. ಗಣತಿಯ ಪಟ್ಟಿ ಅವರೆಲ್ಲರನ್ನೂ ಹಿಂದಿಯ ಲೆಕ್ಕದೊಳಗೆ ಸೇರಿಸಿತು. ಆ ಮಗುವಿಗೆ ಶಾಲೆಯ ಕನ್ನಡವೇ ಎರಡನೆಯ ಭಾಷೆ, ಇಂಗ್ಲಿಷ್ ಮೂರನೆಯದು. ಅದೇ ಗಣತಿಯಲ್ಲಿ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ. ಇಂಗ್ಲಿಷ್ ತಮ್ಮ ಮಾತೃಭಾಷೆಯೆಂದವರು ಇಡೀ ಭಾರತದಲ್ಲಿ ಮೂರು ಲಕ್ಷಕ್ಕಿಂತ ಕಡಿಮೆ. ಮನೆಯಲ್ಲಿ ಯಾರೂ ಆಡದ ಈ ಭಾಷೆಯೇ ಇಂದು ಪ್ರತಿಯೊಂದು ಮನೆಯ ಚಿಂತೆಯಾಗಿದೆ.

ಸಿರವಾರದ ಆ ಮನೆಯ ವಿಷಯಕ್ಕೆ ಬರೋಣ. 1995ರ ಶ್ರಾವಣದಲ್ಲಿ ನಾವು ಅಲ್ಲಿ ಒಂದು ತಿಂಗಳ ಪ್ರವಚನ ನಡೆಸಿದ್ದೆವು. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಿರಬೇಕೆಂದು ಸರಕಾರ 1994ರ ಏಪ್ರಿಲ್‌ನಲ್ಲಿ ಆಜ್ಞೆ ಹೊರಡಿಸಿದ್ದ ಕಾಲ. ನಾಡಿನಲ್ಲೆಲ್ಲ ಅದರದೇ ಚರ್ಚೆ. ನಮಗೂ ಆಗ ವಯಸ್ಸು ಸಣ್ಣದು, ಕನ್ನಡದ ಅಭಿಮಾನ ದೊಡ್ಡದು. ಪ್ರಸಾದ ಮುಗಿದ ಮೇಲೆ ಮನೆಯ ಯಜಮಾನರು ಆರು ವರ್ಷದ ಮಗನನ್ನು ನಮ್ಮ ಮುಂದೆ ನಿಲ್ಲಿಸಿದರು. ಮಗನನ್ನು ಸಂಬಂಧಿಕರ ಮನೆಯಲ್ಲಿಟ್ಟು ಶಹರದ ಇಂಗ್ಲಿಷ್ ಶಾಲೆಗೆ ಹಾಕಬೇಕೋ, ಊರಿನ ಕನ್ನಡ ಶಾಲೆಯಲ್ಲಿಯೇ ಓದಿಸಬೇಕೋ ಎಂದು ಕೇಳಿದರು. ಶರಣರು ಯಾವ ಭಾಷೆಯಲ್ಲಿ ಮಾತನಾಡಿದರು ಎಂದು ನಾವು ಮರುಪ್ರಶ್ನೆ ಹಾಕಿದೆವು. ಸೇರಿದ್ದವರು ತಲೆದೂಗಿದರು. ಮಗ ಊರಿನಲ್ಲಿಯೇ ಉಳಿದ.

ಅಂದು ನಾವು ಹೇಳಿದುದಕ್ಕೆ ಶಾಸ್ತ್ರದ ಆಧಾರವೂ ಇತ್ತು. ಮಗುವಿಗೆ ಮೊದಲ ವಿದ್ಯೆಯನ್ನು ಮಾತೃಭಾಷೆಯಲ್ಲಿ ಕೊಡುವುದೇ ಶ್ರೇಷ್ಠವೆಂದು 1953ರಷ್ಟು ಹಿಂದೆಯೇ ಯುನೆಸ್ಕೊ ಸಂಸ್ಥೆಯ ವಿದ್ವಾಂಸರು ಸಾರಿದ್ದರು. ಈ ಅಭಿಪ್ರಾಯವನ್ನು ನಾವು ಇಂದಿಗೂ ಬಿಟ್ಟಿಲ್ಲ. ಆದರೆ ಆ ಬಾಲಕ ಮುಂದೆ ಏನಾದನೆಂಬುದನ್ನು ನಾವು ವಿಚಾರಿಸಲಿಲ್ಲ. ಅನೇಕ ಸಲ ಅದೇ ಮನೆಯಲ್ಲಿ ಪ್ರಸಾದ ಸ್ವೀಕರಿಸಿದರೂ ವಿಚಾರಿಸಲಿಲ್ಲ.

ಈ ಸಲ ಅವನೇ ಹೇಳಿದ. ಈಗ ಅವನು ಮೂವತ್ತೈದರ ಸುಮಾರಿನ ಗೃಹಸ್ಥ. ಸ್ಮರಣೆಯ ಕಾರ್ಯಕ್ರಮ ಮುಗಿದು, ಬಂದವರೆಲ್ಲ ಪ್ರಸಾದ ತೀರಿಸಿ ಹೋದ ಮೇಲೆ, ಪಡಸಾಲೆಯಲ್ಲಿ ನಮ್ಮೆದುರು ಕುಳಿತು ಮಾತು ತೆಗೆದ.

“ಗುರುಗಳ, ತಪ್ಪು ತಿಳೀಬ್ಯಾಡ್ರಿ. ನೀವು ಹೇಳಿದ್ದು ಸುಳ್ಳು ಅಂತ ನಾ ಅನ್ನಂಗಿಲ್ಲ. ಆದ್ರ ಅರ್ಧಾ ಹೇಳಿ ಹೋದ್ರಿ.”

ಹತ್ತನೆಯ ತರಗತಿಯವರೆಗೆ ಅವನು ಊರಿನ ಶಾಲೆಯಲ್ಲಿಯೇ ಓದಿದ. ಆ ಕಾಲದ ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಆರಂಭವಾಗುತ್ತಿದ್ದುದು ಐದನೆಯ ತರಗತಿಯಲ್ಲಿ. ಅದೂ ಪ್ರಶ್ನೋತ್ತರಗಳನ್ನು ಹಲಗೆಯ ಮೇಲಿನಿಂದ ಬರೆದುಕೊಂಡು ಬಾಯಿಪಾಠ ಮಾಡುವಷ್ಟಕ್ಕೆ ನಿಲ್ಲುತ್ತಿತ್ತು. 2005ರಲ್ಲಿ ಎಸ್ಸೆಸ್ಸೆಲ್ಸಿಯನ್ನು ಒಳ್ಳೆಯ ಅಂಕಗಳಿಂದ ಮುಗಿಸಿದ. ವಿಜ್ಞಾನದಲ್ಲಿ ಊರಿಗೇ ಮುಂದು. ತಂದೆ ಹಿಗ್ಗಿನಿಂದ ಶಹರದ ಒಂದು ಕಾಲೇಜಿಗೆ ಪಿಯುಸಿ ವಿಜ್ಞಾನಕ್ಕೆ ಸೇರಿಸಿದರು. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ.

“ದ್ಯುತಿಸಂಶ್ಲೇಷಣೆ ನನಗ ಬಾಯಾಗಿತ್ತು ರೀ. ಎಲಿ ಹೆಂಗ ಬಿಸಲಿನಾಗ ಅನ್ನಾ ಮಾಡಿಕೊಂತದ ಅಂತ ಚಿತ್ರಾ ತೆಗದು ಹೇಳ್ತಿದ್ದೆ. ಅಲ್ಲಿ ಮಾಸ್ತರು ಫೋಟೋಸಿಂಥೆಸಿಸ್ ಅಂತ ತಾಸುಗಟ್ಲೆ ಹೇಳಿದ್ರು. ಅದೂ ಇದೂ ಒಂದ ಅಂತ ನನಗ ತಿಳಿಯಾಕ ನಾಕು ತಿಂಗಳಾತು. ಗೊತ್ತಿದ್ದದ್ದನ್ನ ಕೇಳಾಕತ್ತಿದ್ದೆ, ಗೊತ್ತಾಗ್ತಿರಲಿಲ್ಲ. ಕೇಳಾಕ ನಾಚಿಕಿ. ಪರೀಕ್ಷಾದಾಗ ಫೇಲಾದೆ. ಬ್ಯಾಗ್ ತಗೊಂಡು ಊರಿಗೆ ಬಂದೆ.”

ಮಗನನ್ನು ಯಾಕೆ ಬಿಡಿಸಿದಿರಿ ಎಂದು ಕೇಳಿದವರಿಗೆಲ್ಲ, ಹೊಲಕ್ಕೆ ಆಳು ಸಾಲದಾಯಿತು ಎಂದು ತಂದೆ ಹೇಳುತ್ತಿದ್ದರಂತೆ. ನಮಗೂ ಹಾಗೆಯೇ ಹೇಳಿದ್ದ ನೆನಪು. ಅದಾದ ಮೇಲೂ ಹದಿನಾರು ವರ್ಷ ನಾವು ಹೋದಾಗಲೆಲ್ಲ ಅವರು ನಮ್ಮ ಪಾದ ಮುಟ್ಟಿ ನಮಸ್ಕರಿಸಿದ್ದರು. ಒಂದು ದಿನವೂ ಒಂದು ಮಾತು ಆಡಲಿಲ್ಲ. ಗೋಡೆಯ ಮೇಲಿನ ಅವರ ಭಾವಚಿತ್ರಕ್ಕೆ ಹೂವಿನ ಹಾರ ಹಾಕಿದ್ದರು. ಅಂದು ಅವರ ಗುಣಗಾನ ಮಾಡಿ ಮುಗಿಸಿದ್ದ ನಾವು ಆ ಚಿತ್ರದ ಕಡೆಗೆ ನೋಡಲಾರದೆ ಕುಳಿತೆವು.

ಸ್ವಲ್ಪ ಹೊತ್ತಿನ ಮೇಲೆ ಅವನೇ ಮುಂದುವರಿಸಿದ. “ನಮ್ಮ ಕಾಲುವಿ ನೋಡ್ರಿ. ಮ್ಯಾಲಿನವ್ರಿಗೆ ನೀರು ಮುಟ್ಟತದ. ಕೊನೀ ಭಾಗದವ್ರಿಗೆ ಕಾಗದದಾಗ ಬರ್ತದ, ಹೊಲಕ್ಕ ಬರಂಗಿಲ್ಲ. ಇಂಗ್ಲೀಷೂ ಹಂಗ ರೀ. ಸಾಲ್ಯಾಗ ಕಲಸ್ಯಾರ ಅಂತ ಕಾಗದದಾಗ ಅದ. ನಮ್ಮ ತಲಿಗೆ ಮುಟ್ಟಲಿಲ್ಲ. ಅದಕ್ಕ ನನ್ನ ಮಗಳಿಗೆ ಎಲ್.ಕೆ.ಜಿ.ಯಿಂದಲೇ ಇಂಗ್ಲೀಷ್ ಸಾಲಿಗೆ ಹಾಕೀನಿ. ಬೈಬ್ಯಾಡ್ರಿ.”

ಬೈಯುವ ಅಧಿಕಾರವಾದರೂ ನಮಗೆ ಎಲ್ಲಿತ್ತು? ಕಾನೂನೂ ಅವನ ಪಕ್ಷದಲ್ಲಿಯೇ ಇದೆ. ಪ್ರಾಥಮಿಕ ಶಿಕ್ಷಣದ ಮಾಧ್ಯಮವನ್ನು ಆರಿಸುವ ಹಕ್ಕು ತಂದೆತಾಯಿಗಳದೆಂದು ಸರ್ವೋಚ್ಚ ನ್ಯಾಯಾಲಯ 2014ರ ಮೇ 6ರಂದು ತೀರ್ಪು ಕೊಟ್ಟಿತು. ಸರಕಾರವೂ 2007–08ರಿಂದ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲು ತೊಡಗಿತು. 2019–20ರಲ್ಲಿ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಲು ಹೊರಟಿತು. ರಾಯಚೂರು ಜಿಲ್ಲೆಯ ಸಾಕ್ಷರತೆ 2011ರಲ್ಲಿ ನೂರಕ್ಕೆ 59.56, ರಾಜ್ಯದ್ದು 75.36. ಇಂತಹ ಜಿಲ್ಲೆಯಲ್ಲಿ, ತಾನು ಕಂಡ ಕಷ್ಟ ಮಗಳಿಗೆ ಬಾರದಿರಲಿ ಎಂದು ಬಯಸುವ ತಂದೆಯನ್ನು ಭಾಷಾದ್ರೋಹಿಯೆನ್ನುವುದು ಅಧರ್ಮ.

ಆದರೆ ಅದೇ ಸಂಜೆ ಆ ಪಡಸಾಲೆಯಲ್ಲಿ ನಾವು ಇನ್ನೊಂದನ್ನು ಕಂಡೆವು. ಮೊಮ್ಮಗಳು ಮೂರನೆಯ ತರಗತಿಯವಳು, ಚುರುಕಾದ ಕೂಸು. ಮನೆಯಲ್ಲಿಯೂ ಇಂಗ್ಲಿಷಿನಲ್ಲಿಯೇ ಮಾತನಾಡಿಸಬೇಕೆಂದು ಶಾಲೆಯವರು ಹೇಳಿ ಕಳಿಸಿದ್ದಾರೆ. ತಾಯಿ ತನಗೆ ಬಂದಷ್ಟರಲ್ಲಿ ‘ವಾಟರ್ ಕುಡಿ, ಹ್ಯಾಂಡ್ ವಾಶ್ ಮಾಡು’ ಎನ್ನುತ್ತಾಳೆ. ಅಜ್ಜಿ ಮಾತ್ರ ಮೂಲೆಯಲ್ಲಿ ಹಾಸಂಗಿಯ ಮೇಲೆ ಸುಮ್ಮನೆ ಕುಳಿತಿದ್ದರು. ಹಿಂದೆ ನಾವು ಹೋದಾಗ ಒಂದೇ ಸವನೆ ಮಾತನಾಡುತ್ತಿದ್ದ, ಹಾಡು ಒಡಪುಗಳನ್ನು ಹೇಳುತ್ತಿದ್ದ ತಾಯಿ ಅವರು. ಆರೋಗ್ಯ ಹೇಗಿದೆಯೆಂದು ವಿಚಾರಿಸಿದೆವು.

“ಆರಾಮ ಅದೀನ್ರಿ ಯಪ್ಪಾ. ನಾ ಮಾತಾಡಿದ್ರ ಕೂಸಿನ ಇಂಗ್ಲೀಷ್ ಕೆಡ್ತದಂತ. ಅದಕ್ಕ ಸುಮ್ಮನಿರ್ತೀನಿ.”

ದೂರಿನ ದನಿ ಅದರಲ್ಲಿ ಇರಲಿಲ್ಲ. ಮೊಮ್ಮಗಳ ಏಳ್ಗೆಗಾಗಿ ತಾನು ಮಾಡಬಹುದಾದ ತ್ಯಾಗ ಇದೊಂದೇ ಎಂಬಂತೆ ಆ ತಾಯಿ ಹೇಳಿದರು. ಅವರು ಅಕ್ಷರ ಕಲಿತವರಲ್ಲ. ಯಜಮಾನರ ಭಾವಚಿತ್ರದ ಕೆಳಗೆ ಬರೆಸಿದ್ದನ್ನು ಓದಿ ಹೇಳೆಂದು ಮೊಮ್ಮಗಳನ್ನು ಆಗಾಗ ಕೇಳುತ್ತಾರಂತೆ. ನಮ್ಮ ಮುಂದೆಯೂ ಕೇಳಿದರು. ಮಗು ಹೆಸರನ್ನು ಕೂಡಿಸಿ ಓದಿತು. ‘ಲಿಂಗೈಕ್ಯ’ ಎಂಬಲ್ಲಿ ಒತ್ತಕ್ಷರಕ್ಕೆ ತಡವರಿಸಿ ನಿಂತು, ತಂದೆಯ ಮುಖ ನೋಡಿತು.

ಹಾಗಾದರೆ ಇಂಗ್ಲಿಷಾದರೂ ಬಂದಿದೆಯೇ? ಪುಸ್ತಕ ತರಿಸಿ ಓದಿಸಿದೆವು. ಬೀಜ ಮೊಳೆಯುವ ಪಾಠ. ಮಗು ಒಂದು ಪುಟವನ್ನು ತಡೆಯಿಲ್ಲದೆ ಓದಿತು. ಪುಸ್ತಕ ಮುಚ್ಚಿದಾಗಲೂ ಅಷ್ಟನ್ನೂ ಹೇಳಿತು. ಈಗ ಇದನ್ನು ಅಜ್ಜಿಗೆ ತಿಳಿಯುವಂತೆ ಹೇಳಮ್ಮ ಎಂದೆವು. ಬಾಯಿ ಕಟ್ಟಿತು. ಜರ್ಮಿನೇಶನ್ ಎಂದರೇನು ಎಂಬ ಪ್ರಶ್ನೆಗೆ ಪುಸ್ತಕದ ವಾಕ್ಯವೇ ಮತ್ತೆ ಬಂದಿತು. ಮಠದಲ್ಲಿ ಸಂಸ್ಕೃತ ಕಲಿಯುವಾಗ ನಾವೂ ಅಮರಕೋಶವನ್ನು ಹೀಗೆಯೇ ಬಾಯಿಪಾಠ ಮಾಡಿದವರು. ಆದರೆ ಸಂಜೆಯ ಹೊತ್ತಿಗೆ ಗುರುಗಳು ಒಂದೊಂದು ಶಬ್ದಕ್ಕೂ ಕನ್ನಡದಲ್ಲಿ ಅರ್ಥ ಬಿಡಿಸದೆ ನಮ್ಮನ್ನು ಏಳಗೊಡುತ್ತಿರಲಿಲ್ಲ. ಕಂಠಸ್ಥವಾದದ್ದು ವಿದ್ಯೆಯಾಗುತ್ತಿದ್ದುದು ಆ ಸಂಜೆಯ ಒಂದು ತಾಸಿನಲ್ಲಿ. ಈ ಮಗುವಿಗೆ ಆ ಒಂದು ತಾಸು ಇಲ್ಲ.

ಇದು ಒಂದು ಮನೆಯ ಕಥೆಯಲ್ಲ. 2023ರಲ್ಲಿ ದೇಶದ 26 ರಾಜ್ಯಗಳ 28 ಜಿಲ್ಲೆಗಳಲ್ಲಿ 14ರಿಂದ 18 ವರ್ಷದ ಮಕ್ಕಳನ್ನು ಕುರಿತು ನಡೆದ ಅಸರ್ ಸಮೀಕ್ಷೆಯ ಪ್ರಕಾರ, ಇಂಗ್ಲಿಷ್ ವಾಕ್ಯಗಳನ್ನು ಓದಬಲ್ಲವರು ನೂರಕ್ಕೆ 57ರಷ್ಟು. ಹಾಗೆ ಓದಬಲ್ಲವರಲ್ಲಿಯೂ ಸುಮಾರು ಕಾಲುಭಾಗದಷ್ಟು ಮಕ್ಕಳು ಓದಿದ ವಾಕ್ಯದ ಅರ್ಥ ಹೇಳಲಾರದವರು. ಅದೇ ವಯಸ್ಸಿನ ಕಾಲುಭಾಗದಷ್ಟು ಮಕ್ಕಳು ತಮ್ಮ ಪ್ರದೇಶದ ಭಾಷೆಯಲ್ಲಿ ಎರಡನೆಯ ತರಗತಿಯ ಪಾಠವನ್ನೂ ಸರಾಗವಾಗಿ ಓದಲಾರರು. ತಂದೆಗೆ ಕನ್ನಡವಿತ್ತು, ಇಂಗ್ಲಿಷಿಗೆ ದಾಟುವ ಸೇತುವೆಯಿರಲಿಲ್ಲ. ಮಗಳನ್ನು ಆಚೆಯ ದಡದಲ್ಲಿ ಇಳಿಸಿದ್ದಾರೆ, ಅವಳಿಗೆ ಈಚೆಗೆ ಬರುವ ಸೇತುವೆಯಿಲ್ಲ. ಇಬ್ಬರಿಗೂ ಇಲ್ಲದಿರುವುದು ಒಂದೇ.

ಆ ಸಂಜೆ ನಾವು ಅಜ್ಜಿಯನ್ನು ಕೇಳಿದೆವು: “ತಾಯಿ, ಜೋಳ ಬಿತ್ತಿದ ಮ್ಯಾಲೆ ಏನಾಗ್ತದ, ಕೂಸಿಗೆ ನೀವೇ ಹೇಳ್ರಿ.” ಮೊದಲು ಅವರು ಸೊಸೆಯ ಮುಖ ನೋಡಿದರು. ಸೊಸೆ ನಕ್ಕು, “ಹೇಳ್ರಿ ಅತ್ತಿ” ಎಂದಳು. ಆಗ ಅವರ ಮಾತು ಕಟ್ಟೆಯೊಡೆಯಿತು. ಮಳೆ ಹದವಾಗಿ ಬಿದ್ದು ಎರೆ ನೆಲ ಹಸಿ ಹಿಡಿದಿರಬೇಕು. ಹಸಿ ಆರಿದರೆ ಕಾಳು ಹುಸಿ ಹೋಗುತ್ತದೆ, ಹೆಚ್ಚಾದರೆ ಕೊಳೆಯುತ್ತದೆ. ಕೂರಿಗೆ ಆಳಕ್ಕೆ ಹೋದರೆ ಮೊಳಕೆ ಮೇಲೆ ಬರಲಾರದೆ ಸಾಯುತ್ತದೆ. ಮೊದಲು ಬೇರು ಕೆಳಗೆ ಇಳಿಯುತ್ತದೆ, ಆಮೇಲೆ ಸುಳಿ ಮೇಲೆ ಬರುತ್ತದೆ. ಇಲಿ, ಹಕ್ಕಿ, ಇರುವೆಗಳ ಕಾಟ ಬೇರೆ. ಮೊಮ್ಮಗಳು ಬಾಯಿ ತೆರೆದು ಕೇಳುತ್ತಿತ್ತು. ನಡುವೆ ಪುಸ್ತಕ ತೆರೆದು ಚಿತ್ರದ ಮೇಲೆ ಬೆರಳಿಟ್ಟು, “ಅಮ್ಮಾ, ಜರ್ಮಿನೇಶನ್ ಅಂದ್ರ ಇದ ಏನು? ರೂಟ್ ಅಂದ್ರ ಬೇರು? ಮೊದಲ ಬೇರ ಯಾಕ ಬರ್ತದ?” ಎಂದಿತು. ಆ ಕೊನೆಯ ಪ್ರಶ್ನೆ ಪುಸ್ತಕದಲ್ಲಿ ಇರಲಿಲ್ಲ. ಮಗು ಆ ದಿನ ಕೇಳಿದ ಮೊದಲ ಪ್ರಶ್ನೆ ಅದು.

ಮನೆಮಾತಿನಲ್ಲಿ ಹಿರಿಯ ವಿಷಯಗಳನ್ನು ಹೇಳಲಾಗದೆಂಬ ಭ್ರಮೆ ಈ ಸೀಮೆಯವರಿಗೆ ಇರಬಾರದು. ಸಂತೆಕಲ್ಲೂರಿನ ಘನಮಠದ ಶಿವಯೋಗಿಗಳು 19ನೆಯ ಶತಮಾನದಲ್ಲಿಯೇ ಬೇಸಾಯವನ್ನು ಕುರಿತು ‘ಕೃಷಿಜ್ಞಾನ ಪ್ರದೀಪಿಕೆ’ಯನ್ನು ಕನ್ನಡದಲ್ಲಿ ಬರೆದರು. ಇಂದು ರಾಯಚೂರಿನಲ್ಲಿ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಅಲ್ಲಿಯ ವ್ಯಾಸಂಗ ಇಂಗ್ಲಿಷಿನಲ್ಲಿ. ಸಿರವಾರದ ಒಕ್ಕಲಿಗನ ಮಗಳು ಆ ವಿಶ್ವವಿದ್ಯಾಲಯಕ್ಕೆ ಹೋಗಬೇಕಾದರೆ ಇಂಗ್ಲಿಷ್ ಬೇಕು. ಅಲ್ಲಿ ಕಲಿತದ್ದನ್ನು ತನ್ನೂರಿನ ಹೊಲಕ್ಕೆ ತರಬೇಕಾದರೆ ಅಜ್ಜಿಯ ಮಾತು ಬೇಕು. ಒಂದನ್ನು ಕೊಟ್ಟು ಇನ್ನೊಂದನ್ನು ಕೊಳ್ಳುವ ವ್ಯಾಪಾರದಲ್ಲಿ ಮಗುವಿಗೆ ನಷ್ಟವೇ ಹೊರತು ಲಾಭವಿಲ್ಲ.

ನಮ್ಮ ಸಮಾಜದ ಹಿರಿಯರು ಈ ಮಾರ್ಗವನ್ನು ನಡೆದೇ ತೋರಿಸಿದ್ದಾರೆ. ಫ. ಗು. ಹಳಕಟ್ಟಿಯವರು ಮುಂಬಯಿಯಲ್ಲಿ ಇಂಗ್ಲಿಷ್ ವಿದ್ಯಾಭ್ಯಾಸ ಪಡೆದು ವಿಜಯಪುರದಲ್ಲಿ ವಕೀಲರಾಗಿದ್ದವರು. ಆ ವಿದ್ಯೆಯಿಂದ ದೊರೆತ ಗಳಿಕೆಯನ್ನೂ ಶ್ರಮವನ್ನೂ ಅವರು ಓಲೆಗರಿಗಳ ಸಂಗ್ರಹಕ್ಕೆ ಸುರಿದುದರಿಂದ 1923ರಲ್ಲಿ ‘ವಚನಶಾಸ್ತ್ರ ಸಾರ’ ನಮ್ಮ ಕೈಗೆ ಬಂದಿತು. ಲಿಂಗೈಕ್ಯ ಸಿದ್ಧಗಂಗೆಯ ಶಿವಕುಮಾರ ಶ್ರೀಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ಕನ್ನಡ, ಸಂಸ್ಕೃತ, ಇಂಗ್ಲಿಷ್ ಮೂರೂ ಅವರಿಗೆ ಸಲೀಸು. ನಮ್ಮ ಮಠಗಳು ಹಸಿದವರಿಗೆ ಅನ್ನ ಕೊಟ್ಟವು, ಊರಿಂದ ಬಂದವರಿಗೆ ಪ್ರಸಾದನಿಲಯ ಕಟ್ಟಿದವು. ಕನ್ನಡದಲ್ಲಿ ಕಲಿತ ಮಗು ಇಂಗ್ಲಿಷಿಗೆ ದಾಟುವ ಆ ಎರಡು ತಿಂಗಳ ಹಾದಿಯಲ್ಲಿ ಕೈಹಿಡಿಯುವ ಕೆಲಸ ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿದಿದೆ.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಹೊರಬಂದಾಗ ಆ ಗೃಹಸ್ಥ ಅಟ್ಟದಿಂದ ಒಂದು ಕಟ್ಟು ಇಳಿಸಿದ್ದ. ಅವನ ಹತ್ತನೆಯ ತರಗತಿಯ ವಿಜ್ಞಾನದ ಪುಸ್ತಕ, ಕನ್ನಡದ್ದು. ಇಷ್ಟು ವರ್ಷವಾದರೂ ಎಸೆದಿರಲಿಲ್ಲ. ಅದನ್ನೂ ಮಗಳ ಇಂಗ್ಲಿಷ್ ಪುಸ್ತಕವನ್ನೂ ಜೊತೆಯಲ್ಲಿಟ್ಟು, ಒಂದು ನೋಟು ಪುಸ್ತಕದಲ್ಲಿ ನಡುವೆ ಗೆರೆ ಎಳೆದು, ಒಂದು ಬದಿಗೆ ಕನ್ನಡದ ಶಬ್ದ, ಇನ್ನೊಂದು ಬದಿಗೆ ಅದೇ ವಸ್ತುವಿನ ಇಂಗ್ಲಿಷ್ ಶಬ್ದ ಬರೆಯಲು ಆರಂಭಿಸಿದ್ದ. ದಿನಕ್ಕೆ ಹತ್ತು ಶಬ್ದವಾದರೂ ಸಾಕು. ಮಗಳ ಜೊತೆ ಅವನೂ ಕಲಿಯುತ್ತಾನೆ, ಮಗಳು ಅವನಿಂದ ಕನ್ನಡದ ಒತ್ತಕ್ಷರ ಕಲಿಯುತ್ತಾಳೆ. ಅಜ್ಜಿಯ ಬಾಯಿಗೆ ಹಾಕಿದ ಬೀಗವನ್ನು ಸೊಸೆಯೇ ತೆಗೆದಿದ್ದಳು. ನಾವು ಹೊರಡುವ ಹೊತ್ತಿಗೆ ಆ ತಾಯಿ ಮೊಮ್ಮಗಳ ತಲೆ ಬಾಚುತ್ತ ಏನನ್ನೋ ಹೇಳುತ್ತಿದ್ದರು.

ಊರಿನ ಹಿರಿಯರನ್ನು ಕಂಡು ನಾವು ಒಂದು ಬಿನ್ನಹ ಮಾಡಿಕೊಂಡು ಬಂದೆವು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ಕಾಲೇಜು ಆರಂಭವಾಗುವವರೆಗೆ ಸಿಗುವ ಬಿಡುವಿನಲ್ಲಿ, ಕನ್ನಡ ಮಾಧ್ಯಮದಿಂದ ವಿಜ್ಞಾನ, ವಾಣಿಜ್ಯಗಳಿಗೆ ಹೋಗುವ ಮಕ್ಕಳನ್ನು ಜಾತಿಮತದ ಎಣಿಕೆಯಿಲ್ಲದೆ ಸೇರಿಸಿ, ತಾವು ಬಲ್ಲ ವಿಷಯವನ್ನೇ ಇಂಗ್ಲಿಷಿನಲ್ಲಿ ಗುರುತಿಸುವ ಅಭ್ಯಾಸವನ್ನು ದಿನಕ್ಕೆ ಎರಡು ತಾಸು ಮಾಡಿಸಬೇಕು. ತಾಂಡಾದ ಮಕ್ಕಳು, ಉರ್ದು ಮನೆಮಾತಿನ ಮಕ್ಕಳೂ ಬರಲಿ. ನಿವೃತ್ತ ಶಿಕ್ಷಕರೊಬ್ಬರು ಕಲಿಸಲು ಒಪ್ಪಿದ್ದಾರೆ. ಜಾಗ, ಹಲಗೆ, ಮಧ್ಯಾಹ್ನದ ಪ್ರಸಾದ ಇಷ್ಟು ಊರವರದು. ಈ ಕಾರ್ಯ ನಿಲ್ಲುವುದೋ ನಡೆಯುವುದೋ ಈಗಲೇ ಹೇಳಲಾರೆವು. ಆದರೆ ಹಿಂದಿನಂತೆ ಮಾತು ಹೇಳಿ ಹೋಗಿಬಿಡುವುದಿಲ್ಲವೆಂದು ಆ ಭಾವಚಿತ್ರದ ಮುಂದೆ ನಿಂತು ಮನಸ್ಸಿನಲ್ಲಿ ಹೇಳಿಕೊಂಡಿದ್ದೇವೆ. ವರ್ಷಕ್ಕೆರಡು ಸಲ ಹೋಗಿ ವಿಚಾರಿಸಿ ಬರುವ ಸಂಕಲ್ಪ ನಮ್ಮದು.

ಓದುಗರಾದ ತಾಯಿತಂದೆಗಳಲ್ಲಿಯೂ ನಮ್ಮ ಪ್ರಾರ್ಥನೆಯಿಷ್ಟೆ. ಮಕ್ಕಳನ್ನು ಯಾವ ಶಾಲೆಗೆ ಹಾಕಬೇಕೆಂಬುದು ನಿಮ್ಮ ನಿರ್ಣಯ. ಕನ್ನಡ ಶಾಲೆಗೆ ಹಾಕಿದರೆ ಇಂಗ್ಲಿಷನ್ನು ಚೆನ್ನಾಗಿ ಕಲಿಸುತ್ತಾರೆಯೇ ಎಂದು ಹೋಗಿ ಕೇಳಿರಿ. ಕೇಳುವುದು ಕನ್ನಡಕ್ಕೆ ಮಾಡುವ ಅಪಚಾರವಲ್ಲ. ಇಂಗ್ಲಿಷ್ ಶಾಲೆಗೆ ಹಾಕಿದರೆ ದಿನವೂ ಸಂಜೆ ಒಂದು ತಾಸು ಆ ಪಾಠವನ್ನು ಮನೆಯ ಮಾತಿನಲ್ಲಿ ಹೇಳಿಸಿರಿ. ಅಜ್ಜ ಅಜ್ಜಿಯರನ್ನು ಸುಮ್ಮನಿರಿಸಬೇಡಿರಿ. ನಮ್ಮ ಮನೆಗಳಲ್ಲಿ ಬೀಜ, ಮಳೆ, ಹಸಿವು, ಮರಣಗಳ ವಿಷಯವನ್ನೆಲ್ಲ ಬಲ್ಲವರು ಅವರೇ. ಅವರು ಮೌನವಾದರೆ ಆ ಪಾಠವನ್ನು ಹೇಳಿಕೊಡುವ ಶಾಲೆ ಯಾವ ಊರಿನಲ್ಲಿಯೂ ಇಲ್ಲ.